ಟೋಕನ್ ಇಲ್ಲದ ಹಾದಿ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಂಬ ಈ ಮೂರು ಊರುಗಳನ್ನು ಒಂದೇ ದಾರದಲ್ಲಿ ಪೋಣಿಸಿದ್ದು ರೈಲು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯವರು ಹುಬ್ಬಳ್ಳಿಯಿಂದ ಹರಿಹರದತ್ತ ಹಾಸಿದ ಹಾದಿ ಅದು. ಬಹುಕಾಲ ಅದು ಒಂಟಿ ಹಳಿಯ, ಮೀಟರ್ ಗೇಜಿನ ಹಾದಿಯಾಗಿಯೇ ಇತ್ತು. ಒಂಟಿ ಹಳಿಯ ಮೇಲೆ ಎರಡು ಗಾಡಿಗಳು ಎದುರುಬದುರಾಗದಂತೆ ನೋಡಿಕೊಳ್ಳಲು ರೈಲ್ವೆಯವರು ಸರಳವಾದ, ಆದರೆ ಆಳವಾದ ಒಂದು ಉಪಾಯವನ್ನು ಬಳಸುತ್ತಿದ್ದರು. ಅದೇ ಟೋಕನ್. ಎರಡು ನಿಲ್ದಾಣಗಳ ನಡುವಿನ ಹಾದಿಗೆ ಒಂದು ಸಮಯಕ್ಕೆ ಒಂದೇ ಟೋಕನ್ ಹೊರಬರುತ್ತದೆ. ಎರಡೂ ನಿಲ್ದಾಣಗಳ ಯಂತ್ರಗಳನ್ನು ತಂತಿಯಿಂದ ಬೆಸೆದಿರುವುದರಿಂದ ಒಂದು ಹೊರಗಿರುವಾಗ ಇನ್ನೊಂದು ಹೊರಬರಲಾರದು. ಉಕ್ಕಿನ ಆ ಚೆಂಡು ಚರ್ಮದ ಚೀಲದಲ್ಲಿ ಕುಳಿತು, ಬೆತ್ತದ ಬಳೆಗೆ ಜೋತುಬಿದ್ದು ಇಂಜಿನ್ನಿನವರ ಕೈ ಸೇರಿದ ಮೇಲೆಯೇ ಗಾಡಿ ಹೊರಡಬೇಕು; ಮುಂದಿನ ನಿಲ್ದಾಣದಲ್ಲಿ ಅದನ್ನು ಒಪ್ಪಿಸಬೇಕು. ಚೆಂಡು ಕೈಯಲ್ಲಿದ್ದರೆ ಹಾದಿ ನನ್ನದು, ಇಲ್ಲದಿದ್ದರೆ ನನ್ನದಲ್ಲ. ಇದರಲ್ಲಿ ಅರ್ಥಭೇದಕ್ಕೆ ಎಡೆಯೇ ಇಲ್ಲ.

ವಿಮಾನ ನಿಲ್ದಾಣದ ರನ್‌ವೇ, ಎಂದರೆ ವಿಮಾನವು ಓಡಿ ಮೇಲೇರುವ ಮತ್ತು ಇಳಿದು ಓಡುವ ಆ ನೀಳವಾದ ಹಾದಿ, ಅದೂ ಒಂದು ಒಂಟಿ ಹಳಿಯೇ. ಒಂದು ಸಮಯಕ್ಕೆ ಅದಕ್ಕೆ ಒಬ್ಬನೇ ಒಡೆಯ. ಆದರೆ ಅಲ್ಲಿ ಚಾಲಕನ ಕೈಗೆ ಚೆಂಡನ್ನು ಕೊಡುವವರಿಲ್ಲ. ಅವನಿಗೆ ದೊರೆಯುವುದು ನಿಯಂತ್ರಣ ಗೋಪುರದ ಅಧಿಕಾರಿ ರೇಡಿಯೋದಲ್ಲಿ ನುಡಿದ ನಾಲ್ಕೈದು ಶಬ್ದಗಳು. ಗರಗರ ಸದ್ದಿನ ನಡುವೆ ಕಿವಿಗೆ ಬಿದ್ದ ಆ ಶಬ್ದಗಳನ್ನು ನಂಬಿ ನೂರಾರು ಜನರನ್ನು ಹೊತ್ತ ಯಂತ್ರವೊಂದು ತನ್ನ ಪೂರ್ಣ ಶಕ್ತಿಯಿಂದ ಮುನ್ನುಗ್ಗುತ್ತದೆ. ನಾನು ವಿಮಾನಶಾಸ್ತ್ರದ ಪಂಡಿತನಲ್ಲ; ಮಾತಿನ ಬಳಕೆಯಲ್ಲಿ, ಅದರ ಏಳುಬೀಳಿನಲ್ಲಿ ಆಸಕ್ತಿಯುಳ್ಳವನು. ನೆಲದ ಮೇಲೆ ನಡೆದ ವಿಮಾನ ಡಿಕ್ಕಿಗಳ ಚರಿತ್ರೆಯನ್ನು ಓದುತ್ತ ಹೋದಂತೆ, ಅದು ಯಂತ್ರಗಳ ಚರಿತ್ರೆಗಿಂತ ಹೆಚ್ಚಾಗಿ ಮಾತಿನ ಚರಿತ್ರೆ ಎಂದು ನನಗೆ ತೋರಿತು. ಇಂದು ತಮ್ಮ ಮುಂದೆ ಇಡಬೇಕೆಂದಿರುವುದು ಆ ಚರಿತ್ರೆಯನ್ನೇ.

ವಿಮಾನದ ಅಪಾಯವೆಂದರೆ ನಮ್ಮ ಮನಸ್ಸಿಗೆ ಮೊದಲು ಬರುವುದು ಆಕಾಶ. ನಮ್ಮ ಕಡೆಯ ಜನ ವಿಮಾನವನ್ನು ಹತ್ತಿರದಿಂದ ನೋಡಬೇಕಾದರೆ ಹುಬ್ಬಳ್ಳಿಗೆ ಹೋಗಬೇಕು. ಉಳಿದಂತೆ ಅದು ಹೊಲದ ಮೇಲೆ ಹಾದುಹೋಗುವ ಒಂದು ಸದ್ದು, ಒಂದು ಬೆಳ್ಳನೆಯ ಗೆರೆ. ಅಷ್ಟು ಎತ್ತರದಿಂದ ಬಿದ್ದರೇನು ಗತಿ ಎಂದು ನಾವು ಬೆದರುತ್ತೇವೆ. ಆದರೆ ಎರಡು ವಿಮಾನಗಳು ಒಂದಕ್ಕೊಂದು ಬಡಿದು ಅತಿ ಹೆಚ್ಚು ಜನ ಸತ್ತ ಅಪಘಾತ ನಡೆದದ್ದು ನೆಲದ ಮೇಲೆ. ಹಕ್ಕಿ ನೆಲಕ್ಕಿಳಿದಾಗ ನಡಿಗೆ ತಪ್ಪುವಂತೆ, ವಿಮಾನವೂ ನೆಲದ ಮೇಲೆ ತನ್ನ ಸಹಜ ಚಾತುರ್ಯವನ್ನು ಕಳೆದುಕೊಳ್ಳುತ್ತದೆ. ಗಾಳಿಯಲ್ಲಿ ಅದನ್ನು ಹೊರುವ ರೆಕ್ಕೆಗಳು ನೆಲದ ಮೇಲೆ ಎರಡು ಬದಿಗೂ ಚಾಚಿಕೊಂಡ ಹೊರೆಯಾಗುತ್ತವೆ.

ಆರಂಭದಲ್ಲಿ ಈ ತೊಡಕು ಇರಲಿಲ್ಲ. 1903ರಲ್ಲಿ ರೈಟ್ ಸಹೋದರರು ಹಾರಿಸಿದ ವಿಮಾನಕ್ಕೆ ಗಾಲಿಗಳೇ ಇರಲಿಲ್ಲ. ಮರದ ಹಳಿಯ ಮೇಲೆ ಜಾರಿ ಅದು ಮೇಲೇರಿತು, ಜಾರುಪಟ್ಟಿಗಳ ಮೇಲೆ ಮರಳಿಗಿಳಿಯಿತು. ಗಾಲಿಗಳು ಬಂದ ಮೇಲೆ ವಿಮಾನವು ತನ್ನ ಬಲದಿಂದಲೇ ನೆಲದ ಮೇಲೆ ನಡೆಯಲು ಕಲಿಯಿತು. ವೈಮಾನಿಕರು ಈ ನಡಿಗೆಯನ್ನು ಟ್ಯಾಕ್ಸಿ ಮಾಡುವುದು ಎನ್ನುತ್ತಾರೆ. ನಡಿಗೆ ಬಂದ ಕೂಡಲೇ ಎಡವುವುದೂ ಬಂತು.

ಹಳೆಯ ಸಣ್ಣ ವಿಮಾನಗಳಲ್ಲಿ ಒಂದು ವಿಚಿತ್ರ ಕಷ್ಟವಿತ್ತು. ಅವುಗಳ ಮೂರನೆಯ ಗಾಲಿ ಇದ್ದದ್ದು ಬಾಲದ ಕೆಳಗೆ. ಆದ್ದರಿಂದ ನೆಲದ ಮೇಲಿರುವಾಗ ಬಾಲ ಕೆಳಗೆ, ಮೂತಿ ಮೇಲೆ. ಒಳಗೆ ಕುಳಿತವನಿಗೆ ಮುಂದೆ ಕಾಣುವುದು ಇಂಜಿನ್ನಿನ ಬೆನ್ನು ಮತ್ತು ಆಕಾಶ. ಹೋಗಬೇಕಾದ ಹಾದಿಯೊಂದನ್ನು ಬಿಟ್ಟು ಉಳಿದುದೆಲ್ಲ. ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಹಾರಿದ ಎಚ್‌ಟಿ-2 ಎಂಬ ತರಬೇತಿ ವಿಮಾನವೂ, 1958ರಲ್ಲಿ ಅಲ್ಲಿಯೇ ಹಾರಿದ, ದೇಶದ ಹಾರಾಟದ ಕ್ಲಬ್ಬುಗಳಿಗಾಗಿ ತಯಾರಾದ ಪುಷ್ಪಕವೂ ಈ ಜಾತಿಯವೇ. ಇಂಥ ವಿಮಾನದಲ್ಲಿ ಕಲಿಯುವವನಿಗೆ ಮೊದಲ ಪಾಠ ಹಾರುವುದಲ್ಲ, ನಡೆಯುವುದು. ನೆಟ್ಟಗೆ ನಡೆಯಕೂಡದು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾವಿನಂತೆ ಡೊಂಕಾಗಿ ಸಾಗುತ್ತ, ಪ್ರತಿ ತಿರುವಿನಲ್ಲೂ ಪಕ್ಕದಿಂದ ಇಣುಕಿ ಮುಂದಿನ ಹಾದಿಯನ್ನು ನೋಡಿಕೊಳ್ಳಬೇಕು. ಜಗತ್ತಿನಾದ್ಯಂತ ಸಾವಿರಾರು ಜನ ಹಾರಾಟ ಕಲಿತ ಟೈಗರ್ ಮಾತ್ ಎಂಬ ಬ್ರಿಟಿಷ್ ವಿಮಾನಕ್ಕಂತೂ ಬ್ರೇಕೂ ಇರಲಿಲ್ಲ. ಗಾಳಿ ಜೋರಾಗಿದ್ದರೆ ರೆಕ್ಕೆಯ ತುದಿಯನ್ನು ಹಿಡಿದುಕೊಂಡು ಆಳುಗಳು ಜೊತೆಗೆ ನಡೆಯಬೇಕಾಗುತ್ತಿತ್ತು.

ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ಕಂಡವರಿಗೆ ಇದು ಹೊಸತಲ್ಲ. ಚೀಲಗಳನ್ನು ಗೋಪುರದಂತೆ ಪೇರಿಸಿದ ಲಾರಿ ಇಕ್ಕಟ್ಟಿನಲ್ಲಿ ಹಿಂದಕ್ಕೆ ಸರಿಯುವಾಗ ಚಾಲಕನ ಕಣ್ಣಿಗೆ ಏನೂ ಕಾಣದು. ಅವನ ಕಣ್ಣು ಹಿಂದೆ ನಿಂತ ಕ್ಲೀನರ್ ಹುಡುಗ. ಅವನು ಲಾರಿಯ ಮೈ ತಟ್ಟುತ್ತ ಬರಲಿ, ಬರಲಿ ಎನ್ನುತ್ತಾನೆ. ಹೋಲ್ಡಾನ್ ಎಂದರೆ ಲಾರಿ ನಿಲ್ಲುತ್ತದೆ. ಕಾಣದವನು ಕಾಣುವವನ ಮಾತನ್ನು ನಂಬಿ ನಡೆಯುವ ಈ ಏರ್ಪಾಡೇ ವಿಮಾನ ನಿಲ್ದಾಣದ್ದು ಕೂಡ. ವ್ಯತ್ಯಾಸವಿರುವುದು ಇಷ್ಟೇ: ಕ್ಲೀನರ್ ಹುಡುಗ ಲಾರಿಯ ಬೆನ್ನಿಗೇ ಇರುತ್ತಾನೆ, ನಿಯಂತ್ರಣಾಧಿಕಾರಿ ದೂರದ ಗೋಪುರದಲ್ಲಿ ಇರುತ್ತಾನೆ, ಮಂಜು ಕವಿದರೆ ಅವನೂ ಕುರುಡನೇ.

ರೇಡಿಯೋ ಸಾರ್ವತ್ರಿಕವಾಗುವ ಮುನ್ನ ಗೋಪುರದವರು ದೀಪದ ಭಾಷೆಯಲ್ಲಿ ಮಾತಾಡುತ್ತಿದ್ದರು. ನೆಲದ ಮೇಲಿರುವ ವಿಮಾನಕ್ಕೆ ಮಿಣುಕುವ ಹಸಿರು ತೋರಿಸಿದರೆ ನಡೆಯಬಹುದು ಎಂದರ್ಥ. ಸ್ಥಿರವಾದ ಹಸಿರಾದರೆ ಮೇಲೇರಬಹುದು. ಸ್ಥಿರವಾದ ಕೆಂಪಿಗೆ ನಿಲ್ಲಬೇಕು. ಮಿಣುಕುವ ಕೆಂಪಿಗೆ ಇಳಿದಾಣದಿಂದ ಆಚೆ ಸರಿಯಬೇಕು. ಮಿಣುಕುವ ಬಿಳಿಯನ್ನು ಕಂಡರೆ ಹೊರಟ ಜಾಗಕ್ಕೆ ಮರಳಬೇಕು. ರೇಡಿಯೋ ಕೆಟ್ಟಾಗಿನ ಆಪತ್ಕಾಲದ ಭಾಷೆಯಾಗಿ ಇದು ಇಂದಿಗೂ ಉಳಿದಿದೆ. ಬಡವಾದ ಭಾಷೆ, ಐದೇ ಶಬ್ದಗಳ ನಿಘಂಟು. ಆದರೆ ಬಡತನವೇ ಅದರ ಬಲ. ಹಸಿರು ದೀಪಕ್ಕೆ ಶ್ಲೇಷೆ ತಿಳಿಯದು. ರೇಡಿಯೋ ಬಂದಾಗ ಗೋಪುರಕ್ಕೆ ಮನುಷ್ಯನ ಮಾತಿನ ಸಂಪತ್ತೆಲ್ಲ ದೊರೆಯಿತು. ಅದರೊಂದಿಗೆ ಮನುಷ್ಯನ ಮಾತಿನ ದೋಷಗಳೆಲ್ಲವೂ ದೊರೆತವು.

ಆ ದೋಷ ಎಂಥದೆಂದು ತಿಳಿಯಲು ದೂರ ಹೋಗಬೇಕಿಲ್ಲ. ಬಸ್ಸಿನ ಕಂಡಕ್ಟರು ‘ರೈಟ್’ ಎಂದರೆ ಹೊರಡು ಎಂದರ್ಥ. ಆದರೆ ಅದೇ ಮಾತನ್ನು ನಾವು ಸರಿ, ಆಯಿತು ಎನ್ನುವುದಕ್ಕೂ ಆಡುತ್ತೇವೆ. ಪ್ರಯಾಣಿಕರೊಬ್ಬರು ಚಿಲ್ಲರೆಯ ಲೆಕ್ಕ ಹೇಳಿದಾಗ ಕಂಡಕ್ಟರು ರೈಟ್ ಎಂದುಬಿಟ್ಟರೆ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟ ಮುದುಕಿಯ ಗತಿಯೇನು? ಒಂದು ಶಬ್ದಕ್ಕೆ ಒಪ್ಪಿಗೆ ಮತ್ತು ಆಜ್ಞೆ ಎಂಬ ಎರಡು ಅರ್ಥಗಳಿದ್ದರೆ, ಕೇಳುವವನು ತನಗೆ ಬೇಕಾದ ಅರ್ಥವನ್ನೇ ಆರಿಸಿಕೊಳ್ಳುತ್ತಾನೆ. ಹೊರಡುವ ಆತುರದಲ್ಲಿರುವವನಿಗಂತೂ ಎಲ್ಲ ಶಬ್ದಗಳೂ ಹೊರಡು ಎಂದೇ ಕೇಳಿಸುತ್ತವೆ.

1977ರ ಮಾರ್ಚ್ 27ರಂದು ಅಟ್ಲಾಂಟಿಕ್ ಸಾಗರದ ಕ್ಯಾನರಿ ದ್ವೀಪಗಳಲ್ಲಿ ಒಂದಾದ ಟೆನೆರೀಫ್‌ನಲ್ಲಿ ನಡೆದದ್ದು ಇದೇ. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬು ಸಿಡಿದುದರಿಂದ ಅಲ್ಲಿಗೆ ಹೋಗಬೇಕಾದ ವಿಮಾನಗಳನ್ನೆಲ್ಲ ಟೆನೆರೀಫ್‌ನ ಸಣ್ಣ ನಿಲ್ದಾಣಕ್ಕೆ ತಿರುಗಿಸಿದ್ದರು. ಕಿಕ್ಕಿರಿದ ಆ ಜಾಗದಲ್ಲಿ ವಿಮಾನಗಳು ರನ್‌ವೇಯ ಮೇಲೆಯೇ ನಡೆದು ತುದಿ ಸೇರಬೇಕಾಗಿತ್ತು. ಮಂಜು ದಟ್ಟವಾಗಿತ್ತು. ಹಾಲೆಂಡಿನ ಕೆಎಲ್‌ಎಂ ಕಂಪನಿಯ ಜಂಬೋ ವಿಮಾನ ಒಂದು ತುದಿಯಲ್ಲಿ ತಿರುಗಿ ನಿಂತಿತ್ತು. ಅಮೆರಿಕದ ಪ್ಯಾನ್ ಆಮ್ ಕಂಪನಿಯ ಇನ್ನೊಂದು ಜಂಬೋ ಅದೇ ರನ್‌ವೇಯ ಮೇಲೆ ಅದರತ್ತಲೇ ನಡೆದುಬರುತ್ತಿತ್ತು. ಇವರು ಅವರಿಗೆ ಕಾಣರು, ಅವರು ಇವರಿಗೆ ಕಾಣರು, ಗೋಪುರಕ್ಕೆ ಇಬ್ಬರೂ ಕಾಣರು.

ಮೇಲೇರಿದ ಮೇಲೆ ಯಾವ ದಾರಿ ಹಿಡಿಯಬೇಕೆಂಬುದನ್ನು ಗೋಪುರ ಕೆಎಲ್‌ಎಂ ವಿಮಾನಕ್ಕೆ ತಿಳಿಸಿತು. ಅದು ದಾರಿಯ ವಿವರ ಮಾತ್ರ, ಹೊರಡುವ ಅಪ್ಪಣೆಯಲ್ಲ. ಆದರೆ ಆ ವಿವರದೊಳಗೆ ‘ಟೇಕ್ ಆಫ್’ ಎಂಬ ಶಬ್ದ ಬಂದಿತ್ತು. ಅದನ್ನು ತಿರುಗಿ ಹೇಳಿದ ಸಹಚಾಲಕ, ತಾವು ಈಗ ಟೇಕ್ ಆಫ್‌ನಲ್ಲಿ ಇದ್ದೇವೆ ಎಂಬರ್ಥದ ಒಂದು ಅಸ್ಪಷ್ಟ ಮಾತನ್ನು ಸೇರಿಸಿದ. ಅಧಿಕಾರಿ ಅದನ್ನು ತುದಿಯಲ್ಲಿ ಸಿದ್ಧರಾಗಿ ನಿಂತಿದ್ದೇವೆ ಎಂದು ತಿಳಿದು ‘ಓಕೆ’ ಎಂದ. ಕ್ಷಣ ಬಿಟ್ಟು, ಕಾಯುತ್ತಿರಿ, ಕರೆಯುತ್ತೇನೆ ಎಂದ. ಅದೇ ಕ್ಷಣಕ್ಕೆ ಪ್ಯಾನ್ ಆಮ್ ಚಾಲಕರೂ ನಾವಿನ್ನೂ ರನ್‌ವೇಯ ಮೇಲಿದ್ದೇವೆ ಎಂದರು. ಎರಡು ಧ್ವನಿಗಳು ಒಂದೇ ತರಂಗದ ಮೇಲೆ ಒಟ್ಟಿಗೆ ಬಂದಾಗ ಎರಡೂ ಅಳಿದು ಕಿರಿಕಿರಿ ಸದ್ದೊಂದು ಉಳಿಯುತ್ತದೆ. ಕೆಎಲ್‌ಎಂ ಚಾಲಕರ ಕಿವಿಗೆ ಸ್ಪಷ್ಟವಾಗಿ ಬಿದ್ದದ್ದು ‘ಓಕೆ’ ಎಂಬ ಒಂದು ಶಬ್ದ. ವಿಮಾನ ಆಗಲೇ ಓಡುತ್ತಿತ್ತು. ಹಿಂದೆ ಕುಳಿತ ಇಂಜಿನಿಯರ್ ಒಬ್ಬನಿಗೆ ಸಂಶಯ ಹುಟ್ಟಿ, ಆ ಪ್ಯಾನ್ ಆಮ್ ಇನ್ನೂ ಆಚೆ ಹೋಗಿಲ್ಲವೇ ಎಂದು ಕೇಳಿದ. ಹೋಗಿದೆ ಎಂದು ಹಿರಿಯ ಚಾಲಕ ಒತ್ತಿ ಹೇಳಿದ. ಕೆಲವೇ ಕ್ಷಣಗಳಲ್ಲಿ 583 ಜನ ಸತ್ತರು.

ಆ 583 ಪ್ರಾಣಗಳ ಬೆಲೆ ತೆತ್ತು ಜಗತ್ತು ಒಂದು ಶಬ್ದವನ್ನು ಶುದ್ಧಗೊಳಿಸಿತು. ಅಂದಿನಿಂದ ‘ಟೇಕ್ ಆಫ್’ ಎಂಬ ಮಾತನ್ನು, ಹೊರಡುವ ಅಪ್ಪಣೆಯನ್ನು ಕೊಡುವಾಗ ಇಲ್ಲವೇ ಹಿಂತೆಗೆದುಕೊಳ್ಳುವಾಗ ಮಾತ್ರ ಆಡತಕ್ಕದ್ದು ಎಂಬ ನಿಯಮ ನೆಲೆಗೊಂಡಿತು. ಬೇರೆ ಎಲ್ಲ ಸಂದರ್ಭಗಳಿಗೂ ‘ಡಿಪಾರ್ಚರ್’ ಎಂಬ ಶಬ್ದ. ಬರಿಯ ‘ಓಕೆ’ಗೆ ಅಲ್ಲಿ ಸ್ಥಾನವಿಲ್ಲ. ಸಾಹಿತ್ಯದಲ್ಲಿ ಶಬ್ದಕ್ಕೆ ಹಲವು ಅರ್ಥಗಳಿರುವುದನ್ನು ನಾವು ಧ್ವನಿಯೆಂದು ಕೊಂಡಾಡುತ್ತೇವೆ. ರನ್‌ವೇಯ ಮೇಲೆ ಶಬ್ದವು ಟೋಕನ್ನಿನ ಚೆಂಡಿನಂತೆ ಇರಬೇಕು: ಒಂದೇ, ಗಟ್ಟಿ, ಒಬ್ಬನ ಕೈಯಲ್ಲಿ ಮಾತ್ರ.

ಟೆನೆರೀಫ್‌ನಲ್ಲಿ ಬಡಿದಾಡಿದ್ದು ಎರಡು ಆನೆಗಳು. ಆನೆ ಮತ್ತು ಆಡು ಒಂದೇ ಹಾದಿಯಲ್ಲಿ ನಡೆದಾಗ ಏನಾಗುತ್ತದೆಂಬುದು ಆಮೇಲಿನ ಕಥೆ. 1991ರ ಫೆಬ್ರವರಿ 1ರ ಸಂಜೆ ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ, ಹನ್ನೆರಡು ಜನರಿದ್ದ ಮೆಟ್ರೋಲೈನರ್ ಎಂಬ ಪುಟ್ಟ ವಿಮಾನವನ್ನು ರನ್‌ವೇಯ ಮೇಲೆ ಹೋಗಿ ಕಾಯುವಂತೆ ಅಧಿಕಾರಿ ಹೇಳಿದರು. ಅಷ್ಟರಲ್ಲಿ ಬೇರೊಂದು ವಿಮಾನ ರೇಡಿಯೋದಲ್ಲಿ ಸಿಗದೆ ಅವರ ಗಮನ ಅತ್ತ ಹರಿಯಿತು. ಅದೇ ರನ್‌ವೇಯಲ್ಲಿ ಇಳಿಯಲು ದೊಡ್ಡ ಬೋಯಿಂಗ್ ಒಂದಕ್ಕೆ ಅನುಮತಿ ಕೊಟ್ಟರು. ಕತ್ತಲಾಗಿತ್ತು. ಬೆನ್ನು ತಿರುಗಿಸಿ ನಿಂತಿದ್ದ ಪುಟ್ಟ ವಿಮಾನದ ಹಿಂದಿನ ದೀಪಗಳು ರನ್‌ವೇಯ ಸಾಲುದೀಪಗಳಲ್ಲಿ ಕರಗಿಹೋಗಿದ್ದವು. ಎರಡೂ ವಿಮಾನಗಳಿಂದ 35 ಜನ ಸತ್ತರು. ಪುಟ್ಟದರಲ್ಲಿ ಒಬ್ಬರೂ ಉಳಿಯಲಿಲ್ಲ.

ರಾಣೆಬೆನ್ನೂರಿನಿಂದ ಹಾವೇರಿಗೆ ರಾತ್ರಿ ಹೆದ್ದಾರಿಯಲ್ಲಿ ಬಂದವರಿಗೆ ಈ ಚಿತ್ರ ಅಪರಿಚಿತವಲ್ಲ. ಹಿಂದೆ ದೀಪವಿಲ್ಲದೆ, ಕಬ್ಬನ್ನೋ ಹತ್ತಿಯನ್ನೋ ಹೇರಿಕೊಂಡು ನಿಂತ ಟ್ರ್ಯಾಕ್ಟರು, ಹಿಂದಿನಿಂದ ವೇಗವಾಗಿ ಬರುವ ಲಾರಿಗೆ ಕಾಣುವುದು ತೀರ ಹತ್ತಿರ ಬಂದ ಮೇಲೆಯೇ. ನಿಂತವನ ತಪ್ಪೇ, ಬಂದವನ ತಪ್ಪೇ ಎಂದು ಆಮೇಲೆ ಜನ ವಾದಿಸುತ್ತಾರೆ. ಲಾಸ್ ಏಂಜಲಿಸ್‌ನ ವಿಷಯದಲ್ಲಿ ಅಮೆರಿಕದ ತನಿಖಾ ಮಂಡಳಿ ಒಂದು ವಿವೇಕದ ಮಾತು ಹೇಳಿತು. ಒಬ್ಬ ಅಧಿಕಾರಿ ಮರೆತದ್ದಕ್ಕಿಂತ, ಒಬ್ಬರ ಮರೆವನ್ನು ಇನ್ನೊಬ್ಬರು ಹಿಡಿದು ನಿಲ್ಲಿಸುವ ಏರ್ಪಾಡು ಆ ಗೋಪುರದಲ್ಲಿ ಇಲ್ಲದಿದ್ದುದೇ ಮುಖ್ಯ ಕಾರಣವೆಂದಿತು. ಮರೆವು ಮನುಷ್ಯಸಹಜ, ಆ ಮರೆವಿಗೆ ಪ್ರಾಣಗಳನ್ನು ಒಪ್ಪಿಸಿಬಿಡುವುದು ವ್ಯವಸ್ಥೆಯ ದೋಷ.

1996ರ ನವೆಂಬರ್ ತಿಂಗಳು ಈ ಚರಿತ್ರೆಯಲ್ಲಿ ಕರಾಳವಾದುದು. 12ರಂದು ನಮ್ಮ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಆಕಾಶದಲ್ಲಿಯೇ ಡಿಕ್ಕಿಯಾಗಿ 349 ಜನ ಸತ್ತರು. ಒಂದು ವಾರದ ಮೇಲೆ, 19ರಂದು, ಅಮೆರಿಕದ ಕ್ವಿನ್ಸಿ ಎಂಬ ಸಣ್ಣ ಊರಿನಲ್ಲಿ ನೆಲದ ಮೇಲೆ ಇನ್ನೊಂದು ದುರಂತ ನಡೆಯಿತು. ಆ ನಿಲ್ದಾಣಕ್ಕೆ ಗೋಪುರವೇ ಇರಲಿಲ್ಲ. ಚಾಲಕರು ತಮ್ಮತಮ್ಮಲ್ಲಿ ಮಾತಾಡಿಕೊಂಡು ಹಾದಿ ಹಂಚಿಕೊಳ್ಳಬೇಕು. ಹನ್ನೆರಡು ಜನರನ್ನು ಹೊತ್ತು ಇಳಿಯಲು ಬರುತ್ತಿದ್ದ ವಿಮಾನದವರು, ಅಡ್ಡ ಹಾದಿಯಲ್ಲಿ ನಿಂತಿದ್ದ ಕಿಂಗ್ ಏರ್ ಎಂಬ ವಿಮಾನಕ್ಕೆ, ನಾವು ಇಳಿಯುವ ತನಕ ಕಾಯುತ್ತೀರಾ ಎಂದು ಕೇಳಿದರು. ಕಾಯುತ್ತಿದ್ದೇವೆ ಎಂಬ ಉತ್ತರ ಬಂತು. ಆದರೆ ಉತ್ತರಿಸಿದ್ದು ಕಿಂಗ್ ಏರ್ ಅಲ್ಲ, ಅದರ ಹಿಂದೆ ನಿಂತಿದ್ದ ಇನ್ನೊಂದು ಪುಟ್ಟ ವಿಮಾನ. ಅದರ ಚಾಲಕ ತನ್ನ ಗುರುತನ್ನು ಹೇಳಿದ್ದ. ಆದರೆ ಇಳಿಯುತ್ತಿದ್ದ ವಿಮಾನದಲ್ಲಿ ಎತ್ತರವನ್ನು ಹೇಳುವ ಯಂತ್ರದ ಧ್ವನಿ ನಡುವೆ ಬಂದು ಆ ಮಾತನ್ನು ಕಲಕಿತು. ‘ಕಿಂಗ್ ಏರ್’ ಎಂಬ ಹೆಸರು ಮಾತ್ರ ಕಿವಿಯಲ್ಲಿ ನಿಂತಿತು. ಅವರು ನಿಶ್ಚಿಂತೆಯಿಂದ ಇಳಿದರು, ಕಿಂಗ್ ಏರ್ ಅದೇ ಹೊತ್ತಿಗೆ ಓಡತೊಡಗಿತ್ತು. ಎರಡರಲ್ಲೂ ಇದ್ದ 14 ಜನರೂ ಸತ್ತರು. ಕೇಳಿದ ಪ್ರಶ್ನೆ ಸರಿ, ಬಂದ ಉತ್ತರವೂ ಸುಳ್ಳಲ್ಲ. ಆದರೆ ಉತ್ತರ ಬೇರೆ ಬಾಯಿಂದ ಬಂದಿತ್ತು.

ಮಾತು ಯಾವ ಭಾಷೆಯದೆಂಬ ಪ್ರಶ್ನೆಯೂ ಇದೆ. 2000ದ ಮೇ 25ರ ನಡುರಾತ್ರಿ ಕಳೆದ ಮೇಲೆ ಪ್ಯಾರಿಸ್ಸಿನ ಷಾರ್ಲ್ ದ ಗಾಲ್ ನಿಲ್ದಾಣದಲ್ಲಿ ಫ್ರಾನ್ಸಿನ ದೊಡ್ಡ ವಿಮಾನವೊಂದಕ್ಕೆ ಗೋಪುರ ಫ್ರೆಂಚಿನಲ್ಲಿ ಹೊರಡುವ ಅಪ್ಪಣೆ ಕೊಟ್ಟಿತು. ಸರಕು ಸಾಗಿಸುವ ಸಣ್ಣ ಷಾರ್ಟ್ಸ್ ವಿಮಾನವೊಂದಕ್ಕೆ, ನೀವು ಎರಡನೆಯವರು, ರನ್‌ವೇಗೆ ಬಂದು ಕಾಯಿರಿ ಎಂದು ಇಂಗ್ಲಿಷಿನಲ್ಲಿ ಹೇಳಿತು. ಇಬ್ಬರೂ ಒಂದೇ ತುದಿಯಲ್ಲಿ ಒಬ್ಬರ ಹಿಂದೊಬ್ಬರು ಇದ್ದಾರೆಂದು ಗೋಪುರ ತಿಳಿದಿತ್ತು. ಸಣ್ಣ ವಿಮಾನ ಇದ್ದದ್ದು ರನ್‌ವೇಯ ನಡುವಿನ ಒಂದು ಕೂಡುದಾರಿಯಲ್ಲಿ. ಇಂಗ್ಲಿಷ್ ಮಾತ್ರ ಬಲ್ಲ ಅದರ ಚಾಲಕರಿಗೆ ಮೊದಲನೆಯವರಿಗೆ ಕೊಟ್ಟ ಅಪ್ಪಣೆ ತಿಳಿಯಲಿಲ್ಲ. ಅವರು ರನ್‌ವೇಗೆ ಕಾಲಿಟ್ಟರು. ದೊಡ್ಡ ವಿಮಾನದ ರೆಕ್ಕೆ ಸಣ್ಣದರ ಮುಂಭಾಗವನ್ನು ಸೀಳಿ ಸಹಚಾಲಕ ಸತ್ತ. ತಾಯ್ನುಡಿಯ ಅಭಿಮಾನಿಯಾದ ನಾನೂ ಇಲ್ಲಿ ಒಪ್ಪಲೇಬೇಕಾದ ಮಾತೊಂದಿದೆ. ಒಂದೇ ಹಾದಿಯನ್ನು ಹಂಚಿಕೊಂಡವರು ಒಬ್ಬರಿಗಾಡಿದ ಮಾತನ್ನು ಇನ್ನೊಬ್ಬರೂ ತಿಳಿಯುವಂತಿರಬೇಕು. ಅಲ್ಲಿ ಭಾಷೆ ಅಭಿಮಾನದ ವಸ್ತುವಲ್ಲ, ಎಲ್ಲರ ಕಿವಿಗೂ ಕೇಳುವ ಗಂಟೆ.

ಭಾಷೆ ಒಂದೇ ಆದರೂ ಹೆಸರು ಬೇರೆಯಾದರೆ ಸಾಕು. 2001ರ ಅಕ್ಟೋಬರ್ 8ರ ಬೆಳಿಗ್ಗೆ ಇಟಲಿಯ ಮಿಲಾನ್ ನಗರದ ಲಿನಾಟೆ ನಿಲ್ದಾಣದಲ್ಲಿ ಮಂಜು ಕವಿದಿತ್ತು. ನಾಲ್ಕು ಜನರಿದ್ದ ಸೆಸ್ನಾ ಎಂಬ ಪುಟ್ಟ ಜೆಟ್ ವಿಮಾನಕ್ಕೆ ಆರ್-5 ಎಂಬ ದಾರಿಯಲ್ಲಿ ಹೋಗಲು ಹೇಳಿದರು. ಅದು ಆರ್-6ರಲ್ಲಿ ಹೋಯಿತು. ಅಂಥ ಮಂಜಿನಲ್ಲಿ ಹಾರಲು ಬೇಕಾದ ಅರ್ಹತೆಯೂ ಆ ಚಾಲಕರಿಗಿರಲಿಲ್ಲ. ದಾರಿಯಲ್ಲಿ ಚಾಲಕ ನೆಲದ ಮೇಲೆ ಬರೆದಿದ್ದ ಎಸ್-4 ಎಂಬ ಗುರುತನ್ನು ಓದಿ ಗೋಪುರಕ್ಕೆ ತಿಳಿಸಿದ. ಆ ಗುರುತು ಎಲ್ಲಿಯದೆಂದು ಅಧಿಕಾರಿಗೆ ಗೊತ್ತಿರಲಿಲ್ಲ. ಅದು ಅವರ ನಕ್ಷೆಯಲ್ಲೇ ಇರಲಿಲ್ಲ. ಹಳೆಯ ನೆಲ ರಾಡಾರನ್ನು ತೆಗೆದಾಗಿತ್ತು, ಹೊಸದು ಇನ್ನೂ ಕೆಲಸಕ್ಕೆ ಬಂದಿರಲಿಲ್ಲ. ದಾರಿ ತಪ್ಪಿದವನು ತಾನಿರುವ ಜಾಗದ ಹೆಸರನ್ನು ನಿಜವಾಗಿಯೇ ಹೇಳಿದ್ದ. ಕೇಳಿದವನ ಲೋಕದಲ್ಲಿ ಆ ಹೆಸರಿಗೆ ಜಾಗವಿರಲಿಲ್ಲ. ಸೆಸ್ನಾ ರನ್‌ವೇಯನ್ನು ಹೊಕ್ಕಾಗ, ಕೋಪನ್‌ಹೇಗನ್ನಿಗೆ ಹೊರಟ ದೊಡ್ಡ ವಿಮಾನ ಪೂರ್ಣ ವೇಗದಲ್ಲಿತ್ತು. ಎರಡೂ ವಿಮಾನಗಳ 114 ಜನರ ಜೊತೆಗೆ, ಸಾಮಾನು ಸರಂಜಾಮಿನ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ನಾಲ್ವರೂ ಸೇರಿ 118 ಜನ ಸತ್ತರು.

ಇಂಥ ಒಂದೊಂದು ದುರಂತವೂ ವೈಮಾನಿಕರ ವ್ಯಾಕರಣಕ್ಕೆ ಒಂದೊಂದು ಸೂತ್ರವನ್ನು ಕೂಡಿಸಿತು ಇಲ್ಲವೇ ಇದ್ದುದನ್ನು ಬಿಗಿಗೊಳಿಸಿತು. ಗೋಪುರ ಹೇಳಿದ ಅಪ್ಪಣೆಯನ್ನು ಚಾಲಕ ಅಕ್ಷರಶಃ ತಿರುಗಿ ಹೇಳಬೇಕು. ಗೋಪುರ ಅದನ್ನು ಕೇಳಿ ಸರಿಯೇ ಎಂದು ನೋಡಬೇಕು. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಚಾಲಕರ ಮತ್ತು ಅಧಿಕಾರಿಗಳ ಭಾಷಾ ಸಾಮರ್ಥ್ಯವನ್ನು ಪರೀಕ್ಷಿಸುವ ನಿಯಮವನ್ನು 2008ರಿಂದ ಜಾರಿಗೆ ತಂದಿತು. ಅಮೆರಿಕದವರು ತಮ್ಮದೇ ಆಗಿದ್ದ ‘ಪೊಸಿಷನ್ ಅಂಡ್ ಹೋಲ್ಡ್’ ಎಂಬ ಮಾತನ್ನು 2010ರಲ್ಲಿ ಬಿಟ್ಟು, ಉಳಿದ ಜಗತ್ತಿನಂತೆ ‘ಲೈನ್ ಅಪ್ ಅಂಡ್ ವೇಟ್’ ಎನ್ನತೊಡಗಿದರು. ನಮ್ಮ ಹಳೆಯ ಕೂಲಿಮಠಗಳಲ್ಲಿ ಅಯ್ಯನವರು ಮಗ್ಗಿ ಹೇಳಿಕೊಟ್ಟು ಮಕ್ಕಳಿಂದ ಹೇಳಿಸುತ್ತಿದ್ದ ಪದ್ಧತಿಯೇ ಅತ್ಯಾಧುನಿಕ ನಿಲ್ದಾಣಗಳ ಆಧಾರವಾಯಿತೆಂಬುದು ಸ್ವಾರಸ್ಯದ ಸಂಗತಿ. ಆದರೆ ಕೂಲಿಮಠದ ಅಯ್ಯನವರಿಗೆ ತಿಳಿದಿದ್ದ ಇನ್ನೊಂದು ಸತ್ಯವೂ ಇದೆ: ತಪ್ಪಿಲ್ಲದೆ ಒಪ್ಪಿಸಿದ ಹುಡುಗನಿಗೆ ಅರ್ಥವಾಗಿದೆ ಎಂದೇನಿಲ್ಲ.

ಆ ಸತ್ಯವನ್ನು ಟೋಕಿಯೋದ ಹನೇಡಾ ನಿಲ್ದಾಣ 2024ರ ಜನವರಿ 2ರ ಸಂಜೆ ಕಂಡಿತು. ಹಿಂದಿನ ದಿನ ನೋಟೋ ಪ್ರದೇಶದಲ್ಲಿ ಭೂಕಂಪವಾಗಿತ್ತು. ಅಲ್ಲಿಗೆ ಪರಿಹಾರ ಸಾಮಗ್ರಿ ಒಯ್ಯಲು ಜಪಾನಿನ ಕಡಲ ಕಾವಲು ಪಡೆಯ ಸಣ್ಣ ವಿಮಾನವೊಂದು ಆರು ಜನರೊಂದಿಗೆ ಹೊರಟಿತ್ತು. ನೀವು ‘ನಂಬರ್ ಒನ್’, ರನ್‌ವೇಗೆ ಮುನ್ನ ಇರುವ ನಿಲುಗಡೆಯ ತನಕ ಬನ್ನಿ ಎಂದು ಗೋಪುರ ಹೇಳಿತು. ವಿಮಾನದವರು ಅದನ್ನು ಸರಿಯಾಗಿಯೇ ತಿರುಗಿ ಹೇಳಿದರು. ಆದರೆ ಮೊದಲ ಸರದಿ ನಿಮ್ಮದು ಎಂಬ ಮಾತು ಚಾಲಕನ ಮನಸ್ಸಿನಲ್ಲಿ ಹಾದಿ ನಿಮ್ಮದು ಎಂದಾಗಿ ಮಾರ್ಪಟ್ಟಿತು. ಆಪತ್ತಿನಲ್ಲಿರುವವರಿಗೆ ನೆರವು ಒಯ್ಯುವ ತ್ವರೆ ಅವನಿಗಿತ್ತು. ಅದಕ್ಕಾಗಿಯೇ ಮೊದಲ ಸರದಿ ಕೊಟ್ಟಿದ್ದಾರೆಂದು ಅವನು ಭಾವಿಸಿದ. ವಿಮಾನ ರನ್‌ವೇಯ ಮೇಲೆ ಸುಮಾರು ನಲವತ್ತು ಸೆಕೆಂಡು ನಿಂತಿತ್ತು. ಗೋಪುರದ ಪರದೆಯ ಮೇಲೆ ಎಚ್ಚರಿಕೆ ಮೂಡಿತ್ತು, ಅಧಿಕಾರಿ ಗಮನಿಸಿರಲಿಲ್ಲ. 379 ಜನರನ್ನು ಹೊತ್ತು ಇಳಿದ ಜಪಾನ್ ಏರ್‌ಲೈನ್ಸಿನ ವಿಮಾನ ಅದಕ್ಕೆ ಬಡಿದು ಹೊತ್ತಿಕೊಂಡಿತು. ಸಿಬ್ಬಂದಿಯ ದಕ್ಷತೆಯಿಂದ ಆ 379 ಜನರೂ ಬದುಕಿ ಹೊರಬಂದರು. ಸಣ್ಣ ವಿಮಾನದಲ್ಲಿ ಐವರು ಸತ್ತರು, ಚಾಲಕನೊಬ್ಬ ಉಳಿದ. ಅದಾದ ವಾರದಲ್ಲೇ ಜಪಾನಿನ ಸರಕಾರ ‘ನಂಬರ್ ಒನ್’ ಎಂಬ ಸರದಿಯ ಮಾತನ್ನು ಕೆಲಕಾಲ ಬಳಸದಂತೆ ತಡೆಯಿತು. ಟೆನೆರೀಫ್ ಆಗಿ ನಲವತ್ತಾರು ವರ್ಷಗಳ ಮೇಲೆ ಮತ್ತೊಂದು ಶಬ್ದದ ಶುದ್ಧಿ.

ನಮ್ಮ ದೇಶದಲ್ಲಿ ನೆಲದ ಡಿಕ್ಕಿಗಳು ಬಹುಮಟ್ಟಿಗೆ ಲೋಹಕ್ಕೆ ಮಾತ್ರ ಗಾಯ ಮಾಡಿ ಬಿಟ್ಟ ಉದಾಹರಣೆಗಳು ಈಚೆಗೆ ಕಾಣುತ್ತವೆ. 2024ರ ಮಾರ್ಚ್ 27ರಂದು, ಟೆನೆರೀಫ್ ದುರಂತದ ದಿನವೇ, ಕೋಲ್ಕತ್ತದಲ್ಲಿ ನಡೆಯುತ್ತಿದ್ದ ವಿಮಾನವೊಂದರ ರೆಕ್ಕೆ ನಿಂತಿದ್ದ ಇನ್ನೊಂದರ ರೆಕ್ಕೆಗೆ ತಗುಲಿ ತುದಿ ಮುರಿಯಿತು. ದೊಡ್ಡ ವಿಮಾನಗಳ ಚಾಲಕರು ತಮ್ಮ ರೆಕ್ಕೆಯ ತುದಿಯನ್ನು ಸುಲಭವಾಗಿ ಕಾಣಲಾರರು. ಟೈಗರ್ ಮಾತ್ ಕಾಲದ ಕುರುಡು ಬೇರೆ ರೂಪದಲ್ಲಿ ಉಳಿದುಕೊಂಡಿದೆ. 2025ರ ಏಪ್ರಿಲ್ 18ರಂದು ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ನಿಂತಿದ್ದ ವಿಮಾನದ ಅಡಿಗೆ ಟೆಂಪೋ ಟ್ರಾವೆಲರ್ ಒಂದು ಹೋಗಿ ಗುದ್ದಿತು. ಎರಡು ಕಡೆಯೂ ಪ್ರಾಣಹಾನಿಯಾಗಲಿಲ್ಲ. ಜನ ನಕ್ಕು ಮರೆತರು. ಆದರೆ ಈ ಚರಿತ್ರೆಯಲ್ಲಿ ನಗುವ ಘಟನೆಗೂ ಅಳುವ ಘಟನೆಗೂ ನಡುವಿನ ಅಂತರ ಕೆಲವು ಗಜಗಳದ್ದು, ಕೆಲವು ಕ್ಷಣಗಳದ್ದು.

ಹೀಗೆ ನೋಡುತ್ತ ಹೋದರೆ ನನಗೆ ಎರಡು ವಿಷಯಗಳು ನಿಚ್ಚಳವಾಗುತ್ತವೆ. ಮೊದಲನೆಯದು, ಸಣ್ಣವರ ಪಾಡು. ಲಾಸ್ ಏಂಜಲಿಸ್, ಪ್ಯಾರಿಸ್, ಲಿನಾಟೆ, ಹನೇಡಾ, ಎಲ್ಲ ಕಡೆಯೂ ಕಾಣದೆ ಹೋದದ್ದು, ಮರೆತುಹೋದದ್ದು, ತಪ್ಪು ತಿಳಿದದ್ದು ಸಣ್ಣ ವಿಮಾನ. ದೊಡ್ಡವರಿಗಾಗಿ ಕಟ್ಟಿದ ಹಾದಿಯಲ್ಲಿ ಸಣ್ಣವರು ನಡೆಯುವಾಗ ಅವರ ದನಿಯನ್ನು ಎರಡು ಸಲ ಕೇಳಿಸಿಕೊಳ್ಳುವ ಏರ್ಪಾಡು ಬೇಕು.

ಎರಡನೆಯದು, ಮಾತನ್ನು ಎಷ್ಟೇ ತೊಳೆದರೂ ಅದು ಪೂರ್ತಿ ಚೆಂಡಾಗುವುದಿಲ್ಲ ಎಂಬುದು. ಆದ್ದರಿಂದಲೇ ದೊಡ್ಡ ನಿಲ್ದಾಣಗಳಲ್ಲಿ ರನ್‌ವೇಯನ್ನು ಕೂಡುವ ದಾರಿಗೆ ಅಡ್ಡಲಾಗಿ ನೆಲದಲ್ಲಿ ಕೆಂಪು ದೀಪಗಳ ಸಾಲನ್ನು ಹೂತಿರುತ್ತಾರೆ. ಗೋಪುರದವರು ಅನುಮತಿ ಕೊಟ್ಟಾಗ ಆ ಸಾಲು ಆರುತ್ತದೆ. ಬಾಯಿ ಏನೇ ಹೇಳಲಿ, ಕಿವಿ ಏನೇ ಕೇಳಲಿ, ಕೆಂಪು ಉರಿಯುತ್ತಿದ್ದರೆ ದಾಟಕೂಡದು. ಹನೇಡಾದಲ್ಲಿ ಆ ಸಂಜೆ ಇಂಥ ದೀಪಗಳು ದುರಸ್ತಿಗಾಗಿ ಕೆಲಸದಲ್ಲಿರಲಿಲ್ಲ. ಉಕ್ಕಿನ ಚೆಂಡನ್ನು ಬಿಟ್ಟು ಮಾತಿಗೆ ಬಂದ ಮನುಷ್ಯ, ಮಾತನ್ನು ನೂರು ಸಲ ತಿದ್ದಿದ ಮೇಲೆ, ಮಾತಿನ ಪಕ್ಕದಲ್ಲಿ ಮತ್ತೊಂದು ಚೆಂಡನ್ನು ತಂದಿಡುತ್ತಿದ್ದಾನೆ. ಇದು ಮಾತಿಗೆ ಅವಮಾನವಲ್ಲ. ರಾಣೆಬೆನ್ನೂರು ತಾಲೂಕಿನ ಚೌಡದಾನಪುರದ ನೆಲ ಅಂಬಿಗರ ಚೌಡಯ್ಯನಂತಹ ನಿಷ್ಠುರ ನುಡಿಕಾರನ ನೆನಪನ್ನು ಹೊತ್ತದ್ದು. ದೋಣಿಯಲ್ಲಿ ಎಷ್ಟು ಜನ ಕೂರಬೇಕೆಂಬುದನ್ನು ಅಂಬಿಗನ ಮಾತಿಗಿಂತ ಮೊದಲು ದೋಣಿಯ ಅಂಚು ಮತ್ತು ಹೊಳೆಯ ನೀರು ಹೇಳುತ್ತವೆ ಎಂಬುದು ಹೊಳೆಯ ದಂಡೆಯವರಿಗೆ ಹೊಸ ಪಾಠವೇನಲ್ಲ.

ಹುಬ್ಬಳ್ಳಿಯಲ್ಲಿಯೋ ಬೆಂಗಳೂರಿನಲ್ಲಿಯೋ ತಾವು ವಿಮಾನ ಹತ್ತಿದಾಗ, ಅದು ರನ್‌ವೇಯ ಬಾಯಲ್ಲಿ ಬಂದು ಸುಮ್ಮನೆ ನಿಂತುಬಿಡುವುದುಂಟು. ಇಂಜಿನ್ನು ಗುಡುಗುತ್ತಿರುತ್ತದೆ, ವಿಮಾನ ಕದಲುವುದಿಲ್ಲ. ಪಕ್ಕದವರು ಗಡಿಯಾರ ನೋಡಿ ಗೊಣಗುತ್ತಾರೆ. ಆಗ ಮುಂದೆ ಕುಳಿತ ಇಬ್ಬರು ಒಂದು ಮಾತಿಗಾಗಿ ಕಾಯುತ್ತಿರುತ್ತಾರೆ. ಆ ಮಾತು ಬಂದ ಮೇಲೂ ಅದನ್ನು ತಿರುಗಿ ಹೇಳಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಣ್ಣಾಡಿಸಿ, ಆಮೇಲೆ ಹೊರಡುತ್ತಾರೆ. ಆ ಎರಡು ನಿಮಿಷದ ತಡವನ್ನು ನಾವು ಸಹಿಸಿಕೊಳ್ಳಬಹುದು.